ಮಾತಿನಲ್ಲೇ ಮೇಲ್ ನಿಭಾಯಿಸುವುದು ಹೇಗೆ?

ಪ್ರಶ್ನೆ: ಕಚೇರಿಯಲ್ಲಿ ನಾನು ದಿನಕ್ಕೆ ಅರವತ್ತು-ಎಪ್ಪತ್ತು ಇಮೇಲ್‌ಗಳನ್ನು ನೋಡಿ ಉತ್ತರಿಸಬೇಕಾಗುತ್ತದೆ. ಮಣಿಕಟ್ಟಿನ ನೋವಿನ ಕಾರಣ ಕೀಬೋರ್ಡ್ ಬಳಕೆಯನ್ನು ಆದಷ್ಟು ಕಡಿಮೆ ಮಾಡುವಂತೆ ವೈದ್ಯರು ಹೇಳಿದ್ದಾರೆ. ವಿಂಡೋಸ್ 11 ಕಂಪ್ಯೂಟರಿನಲ್ಲಿ ಧ್ವನಿ ಟೈಪಿಂಗ್ ಶುರುಮಾಡಿ ಎರಡು ವಾರವಾಯಿತು. ಪತ್ರವನ್ನೇನೋ ಬರೆಯಬಹುದು, ಆದರೆ ಮೇಲ್ ತೆರೆಯಲು, ಅಳಿಸಲು, ಕಳಿಸಲು ಮತ್ತೆ ಮೌಸ್ ಹಿಡಿಯಲೇಬೇಕು. ತಪ್ಪು ತಿದ್ದುವುದರಲ್ಲೇ ಅರ್ಧ ದಿನ ಹೋಗುತ್ತಿದೆ. ಕನ್ನಡದ ಮೇಲ್‌ಗಳಿಗೂ ಈ ಸೌಲಭ್ಯವನ್ನು ಬಳಸಬಹುದೇ?

ಉತ್ತರ: ನೀವು ಬಳಸುತ್ತಿರುವುದು ವಿಂಡೋಸ್ ಕೀಲಿಯೊಂದಿಗೆ ‘ಎಚ್’ ಒತ್ತಿದರೆ ತೆರೆದುಕೊಳ್ಳುವ ವಾಯ್ಸ್ ಟೈಪಿಂಗ್ ಎಂದು ನಿಮ್ಮ ವಿವರಣೆಯಿಂದ ತೋರುತ್ತದೆ. ಅದು ಮುಖ್ಯವಾಗಿ ಉಕ್ತಲೇಖನಕ್ಕಾಗಿ ಇರುವ ಸಾಧನ. ಕರ್ಸರ್ ಇರುವ ಜಾಗದಲ್ಲಿ ನೀವು ಹೇಳಿದ್ದನ್ನು ಬರೆಯುತ್ತದೆ. ಗುಂಡಿ ಒತ್ತುವುದು, ಪಟ್ಟಿಯಲ್ಲಿ ಕೆಳಗಿಳಿಯುವುದು, ಕಿಟಕಿ ಮುಚ್ಚುವುದು ಇವೆಲ್ಲ ಮಾತಿನಿಂದಲೇ ಆಗಬೇಕಾದರೆ ವಾಯ್ಸ್ ಆ್ಯಕ್ಸೆಸ್ ಎಂಬ ಬೇರೆ ಸೌಲಭ್ಯ ಬೇಕು. ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಸೆಸಿಬಿಲಿಟಿ, ಅದರೊಳಗೆ ಸ್ಪೀಚ್ ಎಂಬಲ್ಲಿ ಅದು ಸಿಗುತ್ತದೆ. ಭಾಷೆಯ ಕಡತವನ್ನು ಒಮ್ಮೆ ಇಳಿಸಿಕೊಂಡ ಮೇಲೆ ಅದು ಇಂಟರ್‌ನೆಟ್ ಇಲ್ಲದೆಯೂ ಕೆಲಸ ಮಾಡುತ್ತದೆ, ಮಾತು ಕಂಪ್ಯೂಟರಿನಿಂದ ಹೊರಗೆ ಹೋಗುವುದಿಲ್ಲ. ಕಚೇರಿಯ ಗೋಪ್ಯ ವ್ಯವಹಾರ ನಡೆಸುವವರಿಗೆ ಇದು ಸಣ್ಣ ಅನುಕೂಲವಲ್ಲ. ಮ್ಯಾಕ್ ಬಳಸುವವರಿಗೆ 2019ರ ಕ್ಯಾಟಲೀನಾ ಆವೃತ್ತಿಯಿಂದ ವಾಯ್ಸ್ ಕಂಟ್ರೋಲ್ ಎಂಬ ಇದೇ ಬಗೆಯ ಸೌಲಭ್ಯವಿದೆ.

ವಾಯ್ಸ್ ಆ್ಯಕ್ಸೆಸ್‌ನಲ್ಲಿ ಮೊದಲು ಕಲಿಯಬೇಕಾದ ಆಜ್ಞೆ ‘ಶೋ ನಂಬರ್ಸ್’. ಹಾಗೆಂದ ಕೂಡಲೇ ಪರದೆಯ ಮೇಲೆ ಒತ್ತಬಹುದಾದ ಪ್ರತಿಯೊಂದಕ್ಕೂ ಒಂದೊಂದು ಸಂಖ್ಯೆ ಅಂಟಿಕೊಳ್ಳುತ್ತದೆ. ಇನ್‌ಬಾಕ್ಸಿನ ಮೂರನೆಯ ಮೇಲ್‌ಗೆ 24 ಎಂದು ಬಂದಿದ್ದರೆ ‘ಕ್ಲಿಕ್ ಟ್ವೆಂಟಿ ಫೋರ್’ ಎಂದರೆ ಸಾಕು, ಅದು ತೆರೆದುಕೊಳ್ಳುತ್ತದೆ. ಗುಂಡಿಯ ಹೆಸರು ಕಣ್ಣಿಗೆ ಕಾಣುತ್ತಿದ್ದರೆ ಸಂಖ್ಯೆಯೂ ಬೇಡ, ‘ಕ್ಲಿಕ್ ರಿಪ್ಲೈ’ ಎನ್ನಬಹುದು. ಕೀಬೋರ್ಡಿನ ಅಡ್ಡದಾರಿಗಳನ್ನು ಬಲ್ಲವರು ‘ಪ್ರೆಸ್ ಕಂಟ್ರೋಲ್ ಆರ್’ ಎಂದು ಹೇಳಿ ಔಟ್‌ಲುಕ್‌ನಲ್ಲಿ ನೇರವಾಗಿ ಉತ್ತರದ ಕಿಟಕಿ ತೆರೆಯಬಹುದು.

ಬರೆಯುವ ಮಾತು ಮತ್ತು ಆಜ್ಞೆಯ ಮಾತು ಬೆರೆತುಹೋಗುವುದೇ ಈ ಅಭ್ಯಾಸದಲ್ಲಿ ಎದುರಾಗುವ ಬಹುಪಾಲು ತೊಂದರೆಗಳಿಗೆ ಮೂಲ. ಕೆಲವು ತಂತ್ರಾಂಶಗಳು ಹೇಳಿದ ಮಾತನ್ನು ಕೀ ಒತ್ತಿದಂತೆಯೇ ಮೇಲ್ ಕಿಟಕಿಗೆ ಕಳಿಸುತ್ತವೆ. ಜಿಮೇಲ್‌ನಲ್ಲಿ ಕೀಬೋರ್ಡ್ ಅಡ್ಡದಾರಿಗಳನ್ನು ಚಾಲೂ ಮಾಡಿದ್ದರೆ ‘ಇ’ ಎಂಬ ಒಂದೇ ಅಕ್ಷರ ಮೇಲನ್ನು ಇನ್‌ಬಾಕ್ಸಿನಿಂದ ತೆಗೆದು ಆರ್ಕೈವ್‌ಗೆ ಸರಿಸುತ್ತದೆ. ಕರ್ಸರ್ ಪತ್ರದೊಳಗಿಲ್ಲದೆ ಪಟ್ಟಿಯ ಮೇಲಿದ್ದಾಗ ನೀವೊಂದು ವಾಕ್ಯ ಹೇಳಿದರೆ, ಅದರ ಒಂದೊಂದು ಅಕ್ಷರವೂ ಆಜ್ಞೆಯಾಗಿ ಮೇಲ್‌ಗಳು ಎಲ್ಲೆಲ್ಲಿಗೋ ಹೋಗಬಹುದು. ಆದ್ದರಿಂದ ಅಭ್ಯಾಸ ಕೂಡಿಬರುವವರೆಗೆ ಆ ಅಡ್ಡದಾರಿಗಳನ್ನು ಬಂದ್ ಮಾಡಿಡಿ. ಇನ್‌ಬಾಕ್ಸ್ ವಿಂಗಡಿಸುವಾಗ ‘ಕಮಾಂಡ್ ಮೋಡ್’, ಪತ್ರ ಬರೆಯುವಾಗ ‘ಡಿಕ್ಟೇಶನ್ ಮೋಡ್’ ಎಂದು ಹೇಳಿ ಎರಡನ್ನೂ ಬೇರ್ಪಡಿಸಿಕೊಳ್ಳಿ. ಯಾರಾದರೂ ಮೇಜಿನ ಬಳಿ ಮಾತನಾಡಿಸಲು ಬಂದರೆ ಮೊದಲು ‘ವಾಯ್ಸ್ ಆ್ಯಕ್ಸೆಸ್ ಸ್ಲೀಪ್’ ಎಂದು ಹೇಳಿಯೇ ಅವರತ್ತ ತಿರುಗಿ.

ಇದಕ್ಕೆ ಹೊಂದಿಕೊಂಡು ಕೆಲಸದ ಕ್ರಮವನ್ನೂ ಬದಲಿಸಿಕೊಳ್ಳುವುದು ಒಳ್ಳೆಯದು. ಬಂದ ಮೇಲ್‌ಗೆ ಬಂದಂತೆಯೇ ಉತ್ತರಿಸುತ್ತಾ ಹೋದರೆ ಹತ್ತು ಹೆಜ್ಜೆಗೊಮ್ಮೆ ವಿಧಾನ ಬದಲಿಸಬೇಕಾಗುತ್ತದೆ. ಮೊದಲ ಸುತ್ತಿನಲ್ಲಿ ಬರೀ ವಿಂಗಡಣೆ ಮಾಡಿ, ಉತ್ತರ ಬೇಕಾದವುಗಳಿಗೆ ಗುರುತು ಹಾಕಿ, ಎರಡನೆಯ ಸುತ್ತಿನಲ್ಲಿ ಅವನ್ನಷ್ಟೇ ತೆಗೆದುಕೊಂಡು ಒಂದೇ ಸಮನೆ ಹೇಳಿ ಬರೆಸಿ. ಸುತ್ತೋಲೆ, ಜಾಹೀರಾತುಗಳನ್ನು ಮೇಲ್ ನಿಯಮಗಳ ಮೂಲಕ ತಾವಾಗಿಯೇ ಬೇರೆ ಕಡತಕ್ಕೆ ಹೋಗುವಂತೆ ಮಾಡಿದರೆ ಅಷ್ಟು ಮಾತೂ ಉಳಿಯುತ್ತದೆ.

ಇನ್ನು ತಪ್ಪುಗಳ ವಿಷಯ. ಉಕ್ತಲೇಖನ ತಂತ್ರಾಂಶ ಕಾಗುಣಿತದ ತಪ್ಪು ಮಾಡುವುದು ತೀರ ಅಪರೂಪ. ಅದು ಸರಿಯಾದ ಕಾಗುಣಿತದಲ್ಲಿ ಬೇರೆಯೇ ಪದವನ್ನು ಬರೆಯುತ್ತದೆ. ಹಾಗಾಗಿ ಕಾಗುಣಿತ ಪರೀಕ್ಷಕ ಅದನ್ನು ಹಿಡಿಯುವುದಿಲ್ಲ, ಕಣ್ಣೂ ಸುಲಭವಾಗಿ ಹಿಡಿಯುವುದಿಲ್ಲ. ನಾನೇ ಒಮ್ಮೆ ಇಂಗ್ಲಿಷ್ ಪತ್ರವೊಂದರಲ್ಲಿ ‘ನಾಟ್’ ಎಂದು ಹೇಳಿದ್ದು ‘ನೌ’ ಎಂದಾಗಿ, ಒಪ್ಪಲಾಗದು ಎಂಬ ನನ್ನ ಉತ್ತರ ಈಗ ಒಪ್ಪಿದ್ದೇನೆ ಎಂದು ಹೋಗಿಬಿಟ್ಟಿತ್ತು. ಅಂದಿನಿಂದ ನಿರಾಕರಣೆಯ ಪತ್ರಗಳಲ್ಲಿ ‘ನಾಟ್’ ಎಂಬುದರ ಮೇಲೆ ಭಾರ ಹಾಕುವ ಬದಲು ‘ಅನೇಬಲ್’, ‘ಡಿಕ್ಲೈನ್’ ಎಂಬಂಥ, ಬೇರೊಂದಾಗಿ ಕೇಳಿಸದ ಪದಗಳನ್ನೇ ಆರಿಸಿಕೊಳ್ಳುತ್ತೇನೆ. ಅಲ್ಲದೆ ಕಳಿಸುವ ಮುನ್ನ ಪತ್ರವನ್ನು ಕಂಪ್ಯೂಟರಿನಿಂದಲೇ ಗಟ್ಟಿಯಾಗಿ ಓದಿಸಿ ಕೇಳುತ್ತೇನೆ. ಔಟ್‌ಲುಕ್‌ನಲ್ಲಿ ಇದಕ್ಕೆ ರೀಡ್ ಅಲೌಡ್ ಇದೆ. ಕಣ್ಣು ತನಗೆ ಬೇಕಾದ್ದನ್ನು ಓದಿಕೊಂಡು ಮುಂದೆ ಹೋಗುತ್ತದೆ, ಕಿವಿ ಅಲ್ಲೇ ತಡೆದು ನಿಲ್ಲುತ್ತದೆ.

ತಪ್ಪುಗಳನ್ನೇ ಕಡಿಮೆ ಮಾಡಲು ಮುಖ್ಯವಾಗಿ ಬೇಕಾದದ್ದು ಒಳ್ಳೆಯ ಹೆಡ್‌ಸೆಟ್. ಮೈಕ್ ಬಾಯಿಯ ನೇರಕ್ಕಿರದೆ, ಉಸಿರು ತಾಗದಂತೆ, ತುಟಿಯ ಅಂಚಿನ ಪಕ್ಕದಲ್ಲಿರಲಿ. ಪದ ಪದ ಬಿಡಿಸಿ ಹೇಳಬೇಡಿ. 1990ರ ದಶಕದ ಆರಂಭದ ತಂತ್ರಾಂಶಗಳಿಗೆ ಪ್ರತಿ ಪದದ ನಂತರ ನಿಲ್ಲಬೇಕಿತ್ತು. 1997ರಲ್ಲಿ ಡ್ರ್ಯಾಗನ್ ನ್ಯಾಚುರಲಿಸ್ಪೀಕಿಂಗ್ ಎಂಬ ಉಕ್ತಲೇಖನ ತಂತ್ರಾಂಶ ಬಂದ ಮೇಲೆ ಆ ಕಾಲ ಮುಗಿಯಿತು. ಇಂದಿನವು ಹಿಂದುಮುಂದಿನ ಪದಗಳನ್ನು ನೋಡಿ ನಡುವಿನದನ್ನು ಊಹಿಸುತ್ತವೆ, ಆದ್ದರಿಂದ ವಾಕ್ಯವನ್ನು ಮನಸ್ಸಿನಲ್ಲಿ ಕೂಡಿಸಿಕೊಂಡು ಒಂದೇ ಉಸಿರಿನಲ್ಲಿ ಹೇಳುವುದೇ ಸರಿ. ತಪ್ಪಾದರೆ ಅಕ್ಷರ ಅಕ್ಷರ ಅಳಿಸಲು ಹೋಗದೆ ‘ಸ್ಕ್ರ್ಯಾಚ್ ದಟ್’ ಎಂದು ಆ ತುಣುಕನ್ನೇ ತೆಗೆದು ಮತ್ತೆ ಹೇಳಿ. ಸಹೋದ್ಯೋಗಿಗಳ ಹೆಸರುಗಳನ್ನು ತಂತ್ರಾಂಶದ ಶಬ್ದಕೋಶಕ್ಕೆ ಸೇರಿಸಿಕೊಳ್ಳಿ. ಪಾಸ್‌ವರ್ಡ್ ಮಾತ್ರ ಎಂದೂ ಬಾಯಿಬಿಟ್ಟು ಹೇಳಬೇಡಿ. ಅದಕ್ಕೆ ಪಾಸ್‌ವರ್ಡ್ ಮ್ಯಾನೇಜರ್ ಇರಲಿ.

ಕಳಿಸುವ ಗುಂಡಿಯ ಬಗ್ಗೆ ನಾನು ಸ್ವಲ್ಪ ಹಟವಾದಿ. ಪತ್ರ ಬರೆದು, ಕೇಳಿ, ತಿದ್ದಿದ ಮೇಲಷ್ಟೇ ವಿಳಾಸ ತುಂಬಬೇಕು. ಉತ್ತರದ ಪತ್ರದಲ್ಲಿ ವಿಳಾಸ ಮೊದಲೇ ಇರುವುದರಿಂದ ಅಲ್ಲಿ ಇನ್ನಷ್ಟು ಎಚ್ಚರ ಬೇಕು. ಜಿಮೇಲ್‌ನಲ್ಲಿ ಕಳಿಸಿದ್ದನ್ನು ಹಿಂಪಡೆಯುವ ಅವಧಿಯನ್ನು 30 ಸೆಕೆಂಡುಗಳವರೆಗೆ ಹೆಚ್ಚಿಸಬಹುದು, ಅಷ್ಟನ್ನೂ ಇಟ್ಟುಕೊಳ್ಳಿ.

ಕೈಗೆ ಬಿಡುವು ಕೊಡಲು ಹೋಗಿ ಗಂಟಲನ್ನು ದಣಿಸಬಾರದು. ಪಕ್ಕದಲ್ಲಿ ನೀರಿರಲಿ, ದನಿ ಏರಿಸದೆ ಮಾತನಾಡಿ, ನಡುನಡುವೆ ಮೌನವಾಗಿ ಓದುವ ಕೆಲಸ ಇಟ್ಟುಕೊಳ್ಳಿ. ದನಿ ಒಡೆಯತೊಡಗಿದರೆ ಆ ದಿನಕ್ಕೆ ನಿಲ್ಲಿಸಿ.

ಕನ್ನಡದ ಮೇಲ್‌ಗಳನ್ನೂ ಖಂಡಿತ ಹೇಳಿ ಬರೆಸಬಹುದು. ಗೂಗಲ್‌ನ ಧ್ವನಿ ಟೈಪಿಂಗ್‌ಗೆ 2017ರಲ್ಲಿ ಕನ್ನಡ ಸೇರಿತು. ಕಂಪ್ಯೂಟರಿನಲ್ಲಿ ಕ್ರೋಮ್ ಬ್ರೌಸರಿನಿಂದ ಗೂಗಲ್ ಡಾಕ್ಸ್ ತೆರೆದು, ಟೂಲ್ಸ್ ಪಟ್ಟಿಯ ವಾಯ್ಸ್ ಟೈಪಿಂಗ್‌ನಲ್ಲಿ ಕನ್ನಡವನ್ನು ಆರಿಸಿ, ಹೇಳಿ ಬರೆಸಿದ್ದನ್ನು ಮೇಲ್‌ಗೆ ನಕಲಿಸಿಕೊಳ್ಳುವುದು ನನಗೆ ಹಿಡಿಸಿದ ದಾರಿ. ಇದಕ್ಕೆ ಇಂಟರ್‌ನೆಟ್ ಬೇಕು. ಡಾಕ್ಸ್‌ನ ಧ್ವನಿ ಆಜ್ಞೆಗಳು ಇಂಗ್ಲಿಷಿನಲ್ಲಿ ಬರೆಸುವಾಗ ಮಾತ್ರ ಕೆಲಸ ಮಾಡುತ್ತವೆ, ವಿರಾಮಚಿಹ್ನೆಗಳನ್ನು ನೀವೇ ಕೈಯಿಂದ ಹಾಕಬೇಕು. ಪದಗಳ ಕೊನೆಯನ್ನು ನುಂಗದೆ ಉಚ್ಚರಿಸಿ: ‘ಬರಲಾಗುವುದು’ ಎಂಬುದರಲ್ಲಿ ನಡುವಿನ ಒಂದು ಅಕ್ಷರ ಜಾರಿದರೂ ಅದು ‘ಬರಲಾಗದು’ ಎಂದಾಗಿಬಿಡಬಹುದು. ಇಂಥ ಕ್ರಿಯಾಪದಗಳಿರುವ ಕಡೆ ‘ಖಂಡಿತ ಬರುತ್ತೇನೆ’, ‘ಬರುವುದು ಸಾಧ್ಯವಿಲ್ಲ’ ಎಂದು ಬಿಡಿಸಿ ಹೇಳಿದರೆ ಪತ್ರ ಓದುವವರಿಗೂ ಸಂಶಯ ಉಳಿಯುವುದಿಲ್ಲ.