ವಾಹನ ಪ್ರಶ್ನೋತ್ತರ: ಎಣ್ಣೆ ಬೇಡದ ಪವರ್ ಸ್ಟೀರಿಂಗ್

ಪ್ರಶ್ನೆ: ಹಳೆಯ ಕಾರಿಗೆ ಆಗಾಗ ಪವರ್ ಸ್ಟೀರಿಂಗ್ ಆಯಿಲ್ ಹಾಕಿಸುತ್ತಿದ್ದೆ. ಹೊಸ ಕಾರಿನ ಬಾನೆಟ್ ಎತ್ತಿದರೆ ಆ ಡಬ್ಬಿಯೇ ಕಾಣುವುದಿಲ್ಲ. ಎಣ್ಣೆ ಇಲ್ಲದೆ ಸ್ಟೀರಿಂಗ್ ಇಷ್ಟು ಹಗುರವಾಗುವುದು ಹೇಗೆ?
– ಓದುಗರು, ಹಾಸನ

ಉತ್ತರ: ಹಳೆಯದರಲ್ಲಿ ಎಂಜಿನ್ ಬೆಲ್ಟಿನಿಂದ ಪಂಪ್ ತಿರುಗಿ, ಎಣ್ಣೆಯ ಒತ್ತಡ ಮುಂದಿನ ಚಕ್ರಗಳನ್ನು ಹೊರಳಿಸುವ ಹಲ್ಲಿನ ಸರಳಾದ ರ‍್ಯಾಕನ್ನು ತಳ್ಳುತ್ತಿತ್ತು. ನೇರ ರಸ್ತೆಯಲ್ಲಿ ಹೋಗುವಾಗಲೂ ಪಂಪ್ ಸುಮ್ಮನೆ ಸುತ್ತುತ್ತಲೇ ಇರುತ್ತಿತ್ತು; ಅಷ್ಟು ಇಂಧನ ದಂಡ. ಈಗ ಆ ಕೆಲಸ ಒಂದು ವಿದ್ಯುತ್ ಮೋಟರಿನದು. ಸಣ್ಣ ಕಾರುಗಳಲ್ಲಿ ಅದು ಡ್ಯಾಶ್‌ಬೋರ್ಡಿನ ಒಳಗೆ, ಸ್ಟೀರಿಂಗ್ ಚಕ್ರದಿಂದ ಕೆಳಗಿಳಿಯುವ ದಂಡಕ್ಕೆ, ಅಂದರೆ ಸ್ಟೀರಿಂಗ್ ಕಾಲಂಗೆ ಅಂಟಿಕೊಂಡಿರುತ್ತದೆ. ಬಾನೆಟ್ ಕೆಳಗೆ ಹುಡುಕಿದರೆ ಸಿಗುವುದಿಲ್ಲ.

ಕಾಲಂನ ನಡುವೆ ಟಾರ್ಷನ್ ಬಾರ್ ಎಂಬ ತೆಳ್ಳನೆಯ ಉಕ್ಕಿನ ಸರಳಿದೆ. ನೀವು ಸ್ಟೀರಿಂಗ್ ತಿರುಗಿಸಿದಾಗ ಟೈರು ಅಲುಗುವ ಮೊದಲು ಈ ಸರಳು ಒಂದೆರಡು ಡಿಗ್ರಿ ತಿರುಚಿಕೊಳ್ಳುತ್ತದೆ. ಟಾರ್ಕ್ ಸೆನ್ಸರ್ ಆ ತಿರುಚನ್ನು ಅಳೆದು ಇಸಿಯುಗೆ (ಸ್ಟೀರಿಂಗ್ ನಿಯಂತ್ರಿಸುವ ಪುಟ್ಟ ಕಂಪ್ಯೂಟರಿಗೆ) ಮುಟ್ಟಿಸುತ್ತದೆ. ಇಸಿಯು ಗಾಡಿಯ ವೇಗವನ್ನೂ ನೋಡಿ, ಮೋಟರಿಗೆ ಎಷ್ಟು ಕರೆಂಟ್ ಕೊಡಬೇಕೆಂದು ಲೆಕ್ಕ ಹಾಕುತ್ತದೆ. ಮೋಟರಿನ ಬಲವನ್ನು ವರ್ಮ್ ಗೇರ್ ಎಂಬ ಸ್ಕ್ರೂ ಆಕಾರದ ಗೇರು ಸುಮಾರು 15-20 ಪಟ್ಟು ಹೆಚ್ಚಿಸಿ ಕಾಲಂಗೆ ದಾಟಿಸುತ್ತದೆ. ನಿಂತಲ್ಲೇ ತಿರುಗಿಸುವಾಗ ನೆರವು ಹೆಚ್ಚು, 80 ಕಿ.ಮೀ. ವೇಗದಲ್ಲಿ ಬಹಳ ಕಡಿಮೆ. ಹೆದ್ದಾರಿಯಲ್ಲಿ ಸ್ಟೀರಿಂಗ್ ಬಿಗಿ ಎನಿಸುವುದು ದೋಷವಲ್ಲ, ಬೇಕೆಂದೇ ಹಾಗೆ ಮಾಡಿದ್ದು. ಭಾರದ ಗಾಡಿಗಳಲ್ಲಿ ಕಾಲಂ ಮತ್ತು ಅದರ ಜಾಯಿಂಟ್‌ಗಳು ಅಷ್ಟು ಬಲ ತಾಳಲಾರವು. ಹಾಗಾಗಿ ಮೋಟರನ್ನು ಕೆಳಗೆ ರ‍್ಯಾಕ್‌ಗೇ ಕೂರಿಸುತ್ತಾರೆ.

ಇದೇನೂ ನಿನ್ನೆ ಮೊನ್ನೆಯ ತಂತ್ರವಲ್ಲ. ಜಪಾನಿನಲ್ಲಿ ಸುಜುಕಿ ಸೆರ್ವೊ ಎಂಬ ಪುಟ್ಟ ಕಾರಿಗೆ 1988ರಲ್ಲೇ ಬಂದಿತ್ತು. ನಮ್ಮ ನ್ಯಾನೋಗೆ ಸಿಕ್ಕಿದ್ದು 2014ರಲ್ಲಿ, ಟ್ವಿಸ್ಟ್ ಮಾದರಿಯಲ್ಲಿ.

ಪ್ರಶ್ನೆ: ಏಳು ವರ್ಷದ ಸಣ್ಣ ಕಾರು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕೆಲವೊಮ್ಮೆ ಸ್ಟೀರಿಂಗ್ ದೀಪ ಹತ್ತಿಕೊಂಡೇ ಇರುತ್ತದೆ, ಸ್ಟೀರಿಂಗ್ ಕಲ್ಲಿನಂತಾಗುತ್ತದೆ. ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಸರಿ. ಗ್ಯಾರೇಜಿನವರು ಇಡೀ ಕಾಲಂ ಬದಲಿಸಬೇಕು ಎನ್ನುತ್ತಾರೆ. ಬೇರೆ ದಾರಿ ಇದೆಯೇ?
– ಓದುಗರು, ದಾವಣಗೆರೆ

ಉತ್ತರ: ಕಾಲಂಗೆ ಈಗಲೇ ಒಪ್ಪಬೇಡಿ. ‘ಬೆಳಿಗ್ಗೆ’ ಮತ್ತು ‘ಮತ್ತೆ ಸ್ಟಾರ್ಟ್ ಮಾಡಿದರೆ ಸರಿ’ ಎಂಬ ಎರಡು ಮಾತುಗಳೂ ಬ್ಯಾಟರಿಯ ಕಡೆಗೇ ಬೊಟ್ಟು ಮಾಡುತ್ತವೆ. ನಿಂತ ಗಾಡಿಯಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸುವಾಗ ಈ ಮೋಟರ್ 40-50 ಆಂಪಿಯರ್ ಎಳೆಯಬಲ್ಲದು. ಒಂದು ಹ್ಯಾಲೊಜೆನ್ ಹೆಡ್‌ಲೈಟ್ ಬಲ್ಬು ಎಳೆಯುವುದು ಐದು ಆಂಪಿಯರ್ ಮಾತ್ರ. ಸೋತ ಬ್ಯಾಟರಿಯಲ್ಲಿ ಸೆಲ್ಫ್ ಹೊಡೆದಾಗ ವೋಲ್ಟೇಜ್ ಕುಸಿಯುತ್ತದೆ, ಇಸಿಯು ಅದನ್ನು ದೋಷವೆಂದು ಬರೆದುಕೊಂಡು ನೆರವು ನಿಲ್ಲಿಸುತ್ತದೆ.

ಮೊದಲು ಸ್ಕ್ಯಾನರ್ ಹಾಕಿಸಿ, ಇಸಿಯುನಲ್ಲಿರುವ ದೋಷದ ಕೋಡ್ ಬರೆದಿಟ್ಟುಕೊಳ್ಳಿ. ಬ್ಯಾಟರಿ ಕಳಚಿದರೆ ಕೆಲವು ಗಾಡಿಗಳಲ್ಲಿ ಕೋಡ್ ಅಳಿಸಿಹೋಗಿ, ಇದ್ದ ಒಂದು ಸುಳಿವೂ ಕೈತಪ್ಪುತ್ತದೆ. ಬಳಿಕ ಮಲ್ಟಿಮೀಟರ್ ಹಿಡಿಯಿರಿ. ರಾತ್ರಿಯಿಡೀ ನಿಂತ ಬ್ಯಾಟರಿಯಲ್ಲಿ ಸುಮಾರು 12.6 ವೋಲ್ಟ್ ಇರಬೇಕು, 12.2ಕ್ಕಿಂತ ಕಡಿಮೆಯಿದ್ದರೆ ಅರ್ಧ ಖಾಲಿ ಎಂದೇ ಅರ್ಥ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿಯಬಾರದು. ಎಂಜಿನ್ ಓಡುವಾಗ 13.8ರಿಂದ 14.4ರವರೆಗೆ ಸಿಗಬೇಕು, ಇಲ್ಲವಾದರೆ ಆಲ್ಟರ್ನೇಟರ್ ಕಡೆ ನೋಡಿ. ಕೆಲವು ಹೊಸ ಗಾಡಿಗಳು ಚಾರ್ಜಿಂಗ್ ವೋಲ್ಟೇಜನ್ನು ತಾವೇ ಇಳಿಸಿಕೊಳ್ಳುತ್ತವೆ, ಅದು ನೆನಪಿರಲಿ.

ಈ ಮೂರೂ ಸರಿಯಿದ್ದರೆ ಅರ್ಥ್ ವೈರ್ ಪರೀಕ್ಷೆ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಮೇಲೆ, ಇನ್ನೊಂದು ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಅಂದರೆ ಇಪಿಎಸ್‌ನ ಅರ್ಥ್ ಕೂಡುವ ಬೋಲ್ಟಿನ ಮೇಲೆ. ಎಂಜಿನ್ ಓಡುತ್ತಿರಲಿ, ಒಬ್ಬರು ಸ್ಟೀರಿಂಗ್ ತಿರುಗಿಸಲಿ. 0.2 ವೋಲ್ಟ್ ತೋರಿದರೆ ಚಿಂತೆಯಿಲ್ಲ. ಅರ್ಧ ವೋಲ್ಟ್ ದಾಟಿದರೆ ತುಕ್ಕು ಹಿಡಿದಿದೆ. ಬಿಚ್ಚಿ, ಉಪ್ಪುಕಾಗದದಲ್ಲಿ ಉಜ್ಜಿ, ಬಿಗಿ ಮಾಡಿ. ಇಪಿಎಸ್‌ನ ದಪ್ಪ ಫ್ಯೂಸಿನ ಬುಡವೂ ಸಡಿಲವಾಗಿ ಕಪ್ಪಾಗಿರಬಹುದು.

ಇಷ್ಟಾದ ಮೇಲೂ ಟಾರ್ಕ್ ಸೆನ್ಸರ್ ಕೋಡ್ ಮರಳಿ ಬಂದರೆ ಗ್ಯಾರೇಜಿನವರ ಮಾತು ನಿಜವಿರಬಹುದು. ಎಷ್ಟೋ ಮಾದರಿಗಳಲ್ಲಿ ಆ ಸೆನ್ಸರ್ ಬಿಡಿಯಾಗಿ ಸಿಗುವುದಿಲ್ಲ, ಬಿಲ್ಲು ಏರುವುದು ಅದಕ್ಕೇ. ಹೊಸ ಕಾಲಂ ಹಾಕಿದ ಮೇಲೆ ಚಕ್ರ ನೇರವಿಟ್ಟು, ಸ್ಟೀರಿಂಗ್ ಮುಟ್ಟದೆ ಸ್ಕ್ಯಾನರಿನಿಂದ ಸೆನ್ಸರಿಗೆ ‘ಸೊನ್ನೆ’ ಎಲ್ಲಿ ಎಂದು ಕಲಿಸಬೇಕು. ಇದನ್ನು ಬಿಟ್ಟರೆ ಸ್ಟೀರಿಂಗ್ ತಾನೇ ಒಂದು ಪಕ್ಕಕ್ಕೆ ಎಳೆಯತೊಡಗುತ್ತದೆ.

ಪ್ರಶ್ನೆ: ಇಕ್ಕಟ್ಟಾದ ಪಾರ್ಕಿಂಗ್‌ನಲ್ಲಿ ನಾಲ್ಕೈದು ನಿಮಿಷ ಹಿಂದೆ ಮುಂದೆ ಮಾಡುವಷ್ಟರಲ್ಲಿ ಸ್ಟೀರಿಂಗ್ ಭಾರವಾಯಿತು. ಸ್ವಲ್ಪ ಹೊತ್ತು ಬಿಟ್ಟರೆ ಮೊದಲಿನಂತೆ. ಏನಿದು?
– ಓದುಗರು, ಬೆಂಗಳೂರು

ಉತ್ತರ: ಮೋಟರ್ ಬಿಸಿಯಾಗಿದೆ. ಸುಟ್ಟುಹೋಗದಂತೆ ಇಸಿಯು ಕರೆಂಟ್ ಕಡಿಮೆ ಮಾಡುತ್ತದೆ, ತಣಿದ ಮೇಲೆ ಮರಳಿ ಕೊಡುತ್ತದೆ. ಗಾಡಿ ಒಂದಿಷ್ಟಾದರೂ ಉರುಳುತ್ತಿರುವಾಗ ತಿರುಗಿಸಿ. ಕೊನೆ ಮುಟ್ಟಿದ ಸ್ಟೀರಿಂಗನ್ನು ಅಲ್ಲೇ ಒತ್ತಿ ಹಿಡಿಯಬೇಡಿ. ಮುಂದಿನ ಟೈರುಗಳ ಗಾಳಿಯನ್ನೂ ನೋಡಿ. ಗಾಳಿ ಇಳಿದಷ್ಟೂ, ಕಂಪನಿ ಅಳತೆಗಿಂತ ಅಗಲದ ಟೈರು ಹಾಕಿಸಿದಷ್ಟೂ ಮೋಟರಿಗೆ ಹೊರೆ.

ಪ್ರಶ್ನೆ: ಘಾಟಿಯಲ್ಲಿ ಇಳಿಯುವಾಗ ಇದು ಕೈಕೊಟ್ಟರೆ ಸ್ಟೀರಿಂಗ್ ಲಾಕ್ ಆಗುತ್ತದೆಯೇ?
– ಓದುಗರು, ಸಕಲೇಶಪುರ

ಉತ್ತರ: ಇಲ್ಲ. ಕೈಯಿಂದ ಚಕ್ರದವರೆಗೆ ಕಬ್ಬಿಣದ ಕೊಂಡಿ ಹಾಗೆಯೇ ಇರುತ್ತದೆ, ನೆರವು ಮಾತ್ರ ಹೋಗುತ್ತದೆ. ಹೇರ್‌ಪಿನ್ ತಿರುವಿನಲ್ಲಿ ವೇಗ ಕಡಿಮೆಯಿರುವುದರಿಂದ ಆ ಭಾರ ತೋಳಿಗೆ ಚೆನ್ನಾಗಿಯೇ ತಿಳಿಯುತ್ತದೆ. ಎರಡೂ ಕೈಯಲ್ಲಿ ಹಿಡಿದು ಪಕ್ಕಕ್ಕೆ ನಿಲ್ಲಿಸಿ, ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿ ನೋಡಿ. ನಿಜವಾದ ಅಪಾಯ ಬೇರೆ: ಪೆಟ್ರೋಲ್ ಉಳಿಸಲು ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡುವುದು. ಆಗ ಸ್ಟೀರಿಂಗ್ ನೆರವು ಹೋಗುತ್ತದೆ, ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕೂ ಬಿಗಿಯಾಗುತ್ತದೆ, ಕೀಲಿ ಎಳೆದುಬಿಟ್ಟರೆ ಸ್ಟೀರಿಂಗ್ ಲಾಕೂ ಬೀಳಬಹುದು.

ಪ್ರಶ್ನೆ: ಹೊಂಡದ ರಸ್ತೆಯಲ್ಲಿ ನಿಧಾನ ಹೋಗುವಾಗ ಸ್ಟೀರಿಂಗ್‌ನಿಂದ ‘ಕಟ್ ಕಟ್’ ಸದ್ದು. ದೀಪ ಹತ್ತುವುದಿಲ್ಲ.
– ಓದುಗರು, ಕುಂದಾಪುರ

ಉತ್ತರ: ದೀಪ ಇಲ್ಲವೆಂದರೆ ದೋಷ ಬಹುಪಾಲು ಯಂತ್ರಭಾಗದ್ದು. ಸ್ಟೆಬಿಲೈಜರ್ ಲಿಂಕ್, ಟೈ ರಾಡ್ ಎಂಡ್, ರ‍್ಯಾಕ್ ಬುಶ್, ಕಾಲಂ ಕೆಳಗಿನ ಯೂನಿವರ್ಸಲ್ ಜಾಯಿಂಟ್ – ಈ ಕ್ರಮದಲ್ಲಿ ಅಲುಗಾಡಿಸಿ ನೋಡಿಸಿ. ನಿಂತ ಗಾಡಿಯಲ್ಲಿ ಸ್ಟೀರಿಂಗನ್ನು ಎಡಬಲಕ್ಕೆ ಕುಲುಕಿದಾಗ ಸದ್ದು ಮೊಣಕಾಲಿನ ಮೇಲ್ಗಡೆ ಕೇಳಿದರೆ, ವರ್ಮ್ ಗೇರಿನ ಸಡಿಲವೋ ಮೋಟರಿಗೂ ಗೇರಿಗೂ ನಡುವಿನ ರಬ್ಬರ್ ಕಪ್ಲಿಂಗ್ ಸವೆದದ್ದೋ ಇರಬೇಕು. ನಿಮ್ಮದು ಮಳೆ ಜೋರಿನ ಊರು: ರ‍್ಯಾಕಿನ ಎರಡು ತುದಿಯ ರಬ್ಬರ್ ಬೂಟ್ ಹರಿದಿದ್ದರೆ ತಡಮಾಡದೆ ಹಾಕಿಸಿ. ಒಳಗೆ ನೀರು ಸೇರಿ ತುಕ್ಕು ಹಿಡಿದರೆ ರ‍್ಯಾಕೇ ಹೋಗುತ್ತದೆ.

ಪ್ರಶ್ನೆ: ವಿದ್ಯುತ್ ಕಾರಿನಲ್ಲಿ ಸ್ಟೀರಿಂಗ್ ಮೋಟರಿಗೆ ದೊಡ್ಡ ಬ್ಯಾಟರಿಯಿಂದಲೇ ಕರೆಂಟೇ?
– ಓದುಗರು, ಪುಣೆ

ಉತ್ತರ: ನೇರವಾಗಿ ಅಲ್ಲ. ಸಾಮಾನ್ಯವಾಗಿ ದೊಡ್ಡ ಬ್ಯಾಟರಿಯ ವೋಲ್ಟೇಜನ್ನು ಡಿಸಿ-ಡಿಸಿ ಕನ್ವರ್ಟರ್ ಇಳಿಸಿ, 12 ವೋಲ್ಟಿನ ಸಣ್ಣ ಬ್ಯಾಟರಿಗೂ ಸ್ಟೀರಿಂಗ್‌ಗೂ ಕೊಡುತ್ತದೆ. ಹೀಗಾಗಿ ಚಾರ್ಜ್ 90% ತೋರುತ್ತಿದ್ದರೂ ಸಣ್ಣ ಬ್ಯಾಟರಿ ಸತ್ತರೆ ಗಾಡಿ ಏಳುವುದೇ ಇಲ್ಲ. ಅದು ಎಲ್ಲಿದೆ ಎಂದು ಕೈಪಿಡಿಯಲ್ಲಿ ನೋಡಿಟ್ಟುಕೊಳ್ಳಿ. ಎಲ್ಲ ಮಾದರಿಗಳಲ್ಲೂ ಅದು ಬಾನೆಟ್ ಕೆಳಗೇ ಇರುವುದಿಲ್ಲ.