ಬಾಡಿ ಬಟರ್ ರವೆಯಾದರೆ, ಸೀರಮ್‌ಗೆ ಬೂಷ್ಟು ಬಂದರೆ

ಪ್ರಶ್ನೆ: ಶಿಯಾ ಬಟರ್ (ಶಿಯಾ ಮರದ ಬೀಜದ ಕೊಬ್ಬು), ಮುರುಗಲ ತುಪ್ಪ, ಕೊಬ್ಬರಿ ಎಣ್ಣೆ ಸೇರಿಸಿ ಮೈಗೆ ಹಚ್ಚುವ ಬಾಡಿ ಬಟರ್ ಮಾಡಿದೆ. ಮೊದಲ ವಾರ ಬೆಣ್ಣೆಯಂತಿತ್ತು. ಈಗ ಕೈಗೆ ರವೆ ರವೆಯಾಗಿ ಸಿಗುತ್ತಿದೆ, ಮಧ್ಯಾಹ್ನ ಎಣ್ಣೆ ತೇಲುತ್ತದೆ. ಕೆಟ್ಟುಹೋಯಿತೇ?
– ಓದುಗರು, ಬಸವನಗುಡಿ

ಉತ್ತರ: ಕೆಟ್ಟಿಲ್ಲ, ಬಿಸಾಡಬೇಡಿ. ಕಾಯಿಸಿದ ತುಪ್ಪ ನಿಧಾನವಾಗಿ ಆರಿದರೆ ಮರಳು ಮರಳಾಗುತ್ತದಲ್ಲ, ಇದೂ ಅದೇ. ಶಿಯಾದಲ್ಲಿರುವ ಕೊಬ್ಬುಗಳೆಲ್ಲ ಒಂದೇ ಶಾಖಕ್ಕೆ ಗಟ್ಟಿಯಾಗುವುದಿಲ್ಲ. ನಿಧಾನ ಆರಿದಷ್ಟೂ ಮೊದಲು ಹೆಪ್ಪುಗಟ್ಟುವ ಭಾಗ ದೊಡ್ಡ ಹರಳಾಗುತ್ತದೆ. ತುಪ್ಪಕ್ಕೆ ಅದು ಚೆಂದ, ಚರ್ಮಕ್ಕಲ್ಲ. ಕೊಬ್ಬರಿ ಎಣ್ಣೆಯೋ, ಸುಮಾರು 24 ಡಿಗ್ರಿಗೇ ಕರಗುತ್ತದೆ. ಬೆಂಗಳೂರಿನ ಏಪ್ರಿಲ್‌ನಲ್ಲಿ ಹಗಲು ಕರಗಿ, ರಾತ್ರಿ ಮೆಲ್ಲಗೆ ಹೆಪ್ಪುಗಟ್ಟಿ, ಹರಳು ದಿನದಿನಕ್ಕೂ ಬೆಳೆಯುತ್ತದೆ. ಮುರುಗಲ ತುಪ್ಪ ಕರಗಲು 38 ಡಿಗ್ರಿಯಾದರೂ ಬೇಕು. ಬೇಸಿಗೆಯಲ್ಲಿ ಅದನ್ನು ಹೆಚ್ಚಿಸಿ, ಕೊಬ್ಬರಿ ಎಣ್ಣೆ ಇಳಿಸಿ.

100 ಗ್ರಾಂಗೆ ಲೆಕ್ಕ ಹೀಗೆ: ಶಿಯಾ 40, ಮುರುಗಲ ತುಪ್ಪ 25, ಬಾದಾಮಿ ಎಣ್ಣೆ 24, ಕೊಬ್ಬರಿ ಎಣ್ಣೆ 10, ವಿಟಮಿನ್ ಇ ಅರ್ಧ ಗ್ರಾಂ, ಲ್ಯಾವೆಂಡರ್ ಎಣ್ಣೆ ಅರ್ಧ ಗ್ರಾಂ. ಚಮಚದ ಅಳತೆ ಬೇಡ, 0.1 ಗ್ರಾಂ ತೋರಿಸುವ ತಕ್ಕಡಿಯೇ ಬೇಕು.

ಬಿಸಿನೀರಿನ ಪಾತ್ರೆಯೊಳಗೆ ಒಣಗಿದ ಪಾತ್ರೆಯಿಟ್ಟು, ಕೊನೆಯ ಎರಡನ್ನು ಬಿಟ್ಟು ಉಳಿದದ್ದನ್ನು ಕರಗಿಸಿ. 70 ಡಿಗ್ರಿಯಲ್ಲಿ 20 ನಿಮಿಷ ಇರಲಿ, ಹಳೆಯ ಹರಳು ಒಂದೂ ಉಳಿಯಬಾರದು. ಆಮೇಲೆ ಐಸ್ ನೀರಿನ ಮೇಲಿಟ್ಟು ಬಿಡದೆ ತಿರುವಿ. 45ಕ್ಕಿಳಿದಾಗ ವಿಟಮಿನ್ ಇ, ಲ್ಯಾವೆಂಡರ್ ಹಾಕಿ. ಅಂಚು ಬಿಳಿಚಿ, ಬೆರಳಿಟ್ಟರೆ ಗುಳಿ ನಿಲ್ಲುವ ಹದಕ್ಕೆ ಬಂದಾಗ ಬೀಟರ್‌ನಿಂದ ಕಡೆಯಿರಿ. ಇನ್ನೂ ನೀರಾಗಿದ್ದರೆ ಗಾಳಿ ನಿಲ್ಲದು, ತೀರ ಗಟ್ಟಿಯಾದರೆ ಉಂಡೆಗಟ್ಟುತ್ತದೆ. ನಿಮ್ಮಲ್ಲಿರುವುದನ್ನೂ ಹೀಗೇ ಮತ್ತೆ ಕರಗಿಸಿ ಆರಿಸಿ. ಸುವಾಸನೆ ಕೊಂಚ ಹಾರೀತು, ಅಷ್ಟೇ.

ಪ್ರಶ್ನೆ: ಮುಖದ ಸೀರಮ್‌ಗೆ ಎಣ್ಣೆಯ ಜೊತೆ ಲೋಳೆಸರದ ತಿರುಳು, ವಿಟಮಿನ್ ಸಿ ಪುಡಿ ಹಾಕಿದೆ. ಹತ್ತು ದಿನಕ್ಕೆ ಬೂಷ್ಟು. ವಿಟಮಿನ್ ಇ ಹಾಕಿದ್ದೆನಲ್ಲ?
– ಓದುಗರು, ಯಲಹಂಕ

ಉತ್ತರ: ಇದನ್ನು ಮಾತ್ರ ಚೆಲ್ಲಿಬಿಡಿ, ಮುಖಕ್ಕೆ ಹಚ್ಚಬೇಡಿ. ವಿಟಮಿನ್ ಇ ಎಣ್ಣೆ ಕಮಟಾಗುವುದನ್ನು ತಡ ಮಾಡುತ್ತದೆಯೇ ಹೊರತು ಬೂಷ್ಟನ್ನು ತಡೆಯುವುದಿಲ್ಲ. ಲೋಳೆಸರದ ತಿರುಳು ಬಹುಪಾಲು ನೀರೇ. ಉಪ್ಪಿನಕಾಯಿ ಭರಣಿಗೆ ಒದ್ದೆ ಚಮಚ ಹಾಕಿದರೆ ಆಗುವುದೇ ಇಲ್ಲೂ ಆಗಿದೆ. ವಿಟಮಿನ್ ಸಿ ಪುಡಿ, ಅಂದರೆ ಆಸ್ಕಾರ್ಬಿಕ್ ಆಮ್ಲ, ಎಣ್ಣೆಯಲ್ಲಿ ಕರಗದು, ತಳದಲ್ಲಿ ಮರಳಾಗಿ ಕೂತು ಚರ್ಮ ಗೀರುತ್ತದೆ. ವಿಟಮಿನ್ ಸಿ ಬೇಕೇ ಬೇಕೆಂದರೆ ಎಣ್ಣೆಯಲ್ಲಿ ಕರಗುವ ಆಸ್ಕಾರ್ಬಿಲ್ ಟೆಟ್ರಾಐಸೋಪಾಲ್ಮಿಟೇಟ್ ಕೊಳ್ಳಿ.

30 ಗ್ರಾಂ ಸೀರಮ್‌ಗೆ ಜೊಜೊಬಾ ಬೀಜದ ಎಣ್ಣೆ 20, ರೋಸ್‌ಹಿಪ್ (ಕಾಡುಗುಲಾಬಿ ಕಾಯಿಯ ಬೀಜದ) ಎಣ್ಣೆ 9.8, ವಿಟಮಿನ್ ಇ 0.2 ಗ್ರಾಂ ಸಾಕು. ಬಿಸಿ ಮಾಡುವುದೇ ಬೇಡ. ರೋಸ್‌ಹಿಪ್ ಬೇಗ ಕಮಟಾಗುವ ಎಣ್ಣೆ. ಗಾಢ ಬಣ್ಣದ ಗಾಜಿನ ಶೀಶೆಯಲ್ಲಿ ತಂಪಾಗಿಟ್ಟು ಮೂರು ತಿಂಗಳೊಳಗೆ ಮುಗಿಸಿ. ಫ್ರಿಜ್‌ನಲ್ಲಿ ಜೊಜೊಬಾ ಮಂದವಾದರೆ ಗಾಬರಿ ಬೇಡ, ಹೊರಗಿಟ್ಟರೆ ತಿಳಿಯಾಗುತ್ತದೆ. ಶೀಶೆ ತೊಳೆದಿರಾದರೆ ರಾತ್ರಿಯಿಡೀ ಬೋರಲು ಹಾಕಿ ಪೂರ್ತಿ ಒಣಗಿಸಿ.

ಪ್ರಶ್ನೆ: ಪರಿಮಳಕ್ಕೆ ನಿಂಬೆ ಎಣ್ಣೆ ಹಾಕಬಹುದೇ?
– ಓದುಗರು, ವಿಜಯನಗರ

ಉತ್ತರ: ಹಗಲು ಹಚ್ಚುವುದಕ್ಕೆ ಬೇಡ. ಸಿಪ್ಪೆ ಹಿಂಡಿ ತೆಗೆದ ನಿಂಬೆ ಎಣ್ಣೆ ಬಿಸಿಲಿಗೆ ಚರ್ಮ ಸುಟ್ಟು ಕಪ್ಪು ಕಲೆ ಬಿಡಬಹುದು.