ಉಡುಪಿ ಜಿಲ್ಲೆಯಲ್ಲಿ ಜನ ನಿಜಕ್ಕೂ ಅಷ್ಟೊಂದು ದಟ್ಟವಾಗಿದ್ದಾರಾ?

ಮಣಿಪಾಲದ ಎತ್ತರದ ಫ್ಲ್ಯಾಟುಗಳನ್ನು ನೋಡಿ, "ಕೆಲವು ದಶಕಗಳಲ್ಲಿ ಉಡುಪಿ ಜಿಲ್ಲೆಯ ಜನಸಾಂದ್ರತೆ ಎಷ್ಟು ಪಟ್ಟು ಏರಿರಬಹುದು?" ಎಂದು ಕೇಳಿದ್ದೀರಿ. ನಾನು ಬ್ರಹ್ಮಾವರದ ಹತ್ತಿರದ ಹಳ್ಳಿಯವನು. ಜನ ಹೆಚ್ಚಿದ್ದಾರೆ, ಆದರೆ ನೀವು ಊಹಿಸಿದಷ್ಟಲ್ಲ. ದೊಡ್ಡ ಬದಲಾವಣೆ ಆಗಿರುವುದು ಜನ ಎಲ್ಲಿ ವಾಸಿಸುತ್ತಾರೆ ಎಂಬುದರಲ್ಲಿ.

2001ರಲ್ಲಿ ಜಿಲ್ಲೆಯಲ್ಲಿ 11.12 ಲಕ್ಷ ಜನ ಇದ್ದರು, 2011ರಲ್ಲಿ 11.77 ಲಕ್ಷ. ಹತ್ತು ವರ್ಷಕ್ಕೆ ಶೇ. 6ರಷ್ಟೂ ಏರಿಲ್ಲ. ಅದೇ ಅವಧಿಯಲ್ಲಿ ಕರ್ನಾಟಕ ಶೇ. 15.6, ಪಕ್ಕದ ದಕ್ಷಿಣ ಕನ್ನಡ ಸುಮಾರು ಶೇ. 10 ಏರಿತ್ತು. ಸಾಂದ್ರತೆಯ ಅಂಕಿ ಹುಡುಕುವಾಗ ಮಾತ್ರ ಜಾಗ್ರತೆ. 2011ಕ್ಕೆ ಕೆಲವು ಕಡೆ ಚದರ ಕಿಲೋಮೀಟರಿಗೆ 304 ಎಂದಿದೆ, ಕೆಲವು ಕಡೆ 329. ಜನ ಅವರೇ, ಭಾಗಿಸಿದ ವಿಸ್ತೀರ್ಣ ಬೇರೆ: ಮೊದಲನೆಯದಕ್ಕೆ 3,880 ಚದರ ಕಿ.ಮೀ., ಎರಡನೆಯದಕ್ಕೆ 3,582. 2001ರ ಸಾಂದ್ರತೆ 287, ಅದೂ 3,880ರಿಂದ ಭಾಗಿಸಿದ್ದು. ಅದನ್ನು 329ರ ಪಕ್ಕ ಇಟ್ಟುಬಿಟ್ಟರೆ ಇಲ್ಲದ ಏರಿಕೆ ಕಾಣುತ್ತದೆ. ಹೋಲಿಸಬೇಕಾದ್ದು 287ನ್ನು 304ರ ಜೊತೆ.

ಯಾಕೆ ಇಷ್ಟು ನಿಧಾನ ಅಂದರೆ, ನಮ್ಮ ಮನೆಯನ್ನೇ ಹೇಳುತ್ತೇನೆ. ಅಜ್ಜನ ಕಾಲದಲ್ಲಿ ಹದಿನಾಲ್ಕು ಜನ ಉಣ್ಣುತ್ತಿದ್ದ ಮನೆ. ದೊಡ್ಡಪ್ಪಂದಿರು ಇಬ್ಬರೂ ಮುಂಬಯಿಗೆ ಹೋಟೆಲ್ ಕೆಲಸಕ್ಕೆ ಹೋದರು. ಚಿಕ್ಕಪ್ಪ ಮಸ್ಕತ್‌ಗೆ. ತಮ್ಮ ಬೆಂಗಳೂರಿನಲ್ಲಿದ್ದಾನೆ. ನಾನು ಜಿಲ್ಲೆ ಬಿಟ್ಟಿಲ್ಲ, ಆದರೆ ಇರುವುದು ಮಣಿಪಾಲದ ದಾರಿಯ ಫ್ಲ್ಯಾಟಿನಲ್ಲಿ. ನೀವು ನೋಡಿದ ಕಟ್ಟಡಗಳಲ್ಲಿ ನನ್ನಂಥವರು ಬಹಳ ಮಂದಿ. ಊರ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ. ನೇಜಿ (ಭತ್ತದ ಸಸಿ) ನೆಡಲು ಜನ ಸಿಗದೆ ಬೈಲಿನ ಗದ್ದೆ ಹಡಿಲು (ಪಾಳು) ಬಿದ್ದಿದೆ, ಅದನ್ನು ನೋಡುವಾಗ ಈಗಲೂ ಸಂಕಟವಾಗುತ್ತದೆ. ಮಕ್ಕಳ ಸಂಖ್ಯೆ ಒಂದೆರಡಕ್ಕೆ ಇಳಿದದ್ದೂ ಇದರ ಜೊತೆ ಸೇರಿತು.

ದುಡಿಯುವ ಗಂಡಸರು ಹೊರಗೆ ಹೋದ ಗುರುತು ಇನ್ನೊಂದು ಅಂಕಿಯಲ್ಲೂ ಇದೆ. 2011ರಲ್ಲಿ ಇಲ್ಲಿ ಸಾವಿರ ಗಂಡಸರಿಗೆ 1,094 ಹೆಂಗಸರು, ರಾಜ್ಯದಲ್ಲಿ 973.

ಜಿಲ್ಲೆಯ ಸರಾಸರಿ ಒಳಗಿನ ಚಿತ್ರ ತೋರಿಸುವುದಿಲ್ಲ. ಹೆದ್ದಾರಿಗೂ ಕಡಲಿಗೂ ನಡುವಿನ ಪಟ್ಟಿಯಲ್ಲಿ ಮನೆಗೆ ಮನೆ ತಾಗಿಕೊಂಡಿದೆ. ಹೆಬ್ರಿ, ಕೊಲ್ಲೂರು ಕಡೆ ಘಟ್ಟದ ಬುಡಕ್ಕೆ ಹೋದರೆ ಮೈಲಿಗಟ್ಟಲೆ ಕಾಡು. ಮಲ್ಪೆ ಬಂದರಿಗೆ, ಕಟ್ಟಡ ಕೆಲಸಕ್ಕೆ ಉತ್ತರ ಕರ್ನಾಟಕದಿಂದ, ಒಡಿಶಾದಿಂದ ಬಂದವರೂ ಪೇಟೆಯ ಕಡೆಯೇ ನೆಲೆಸುತ್ತಾರೆ.

ಹಳೆಯ ದಶಕಗಳಿಗೆ ಹೋಗುವುದಾದರೆ, ಉಡುಪಿ ಜಿಲ್ಲೆಯಾದದ್ದು 1997ರಲ್ಲಿ, ಮೊದಲು ಅದು ದಕ್ಷಿಣ ಕನ್ನಡದ ಭಾಗವಾಗಿತ್ತು. ಅದಕ್ಕೂ ಹಿಂದಿನದಕ್ಕೆ ಉಡುಪಿ, ಕುಂದಾಪುರ, ಕಾರ್ಕಳ ತಾಲೂಕುಗಳ ಅಂಕಿ ಕೂಡಿಸಿಕೊಳ್ಳಿ. ಆಗಿನ ದಕ್ಷಿಣ ಕನ್ನಡ ಜಿಲ್ಲೆಯ ಒಟ್ಟು ಅಂಕಿಯನ್ನು ನೇರವಾಗಿ ಹೋಲಿಸಬೇಡಿ; 1951ರ ಗಣತಿಯಲ್ಲಂತೂ ಅದರಲ್ಲಿ ಕಾಸರಗೋಡೂ ಸೇರಿರುತ್ತದೆ. 2021ರ ಗಣತಿ ನಡೆಯದ ಕಾರಣ ಸದ್ಯಕ್ಕೆ 2011ರದ್ದೇ ಕೊನೆಯ ಲೆಕ್ಕ. ಆಗುವುದಾದರೆ ಗ್ರಾಮವಾರು ಪಟ್ಟಿಯನ್ನೇ ತೆಗೆದು ನೋಡಿ.